ಚಿಲಕವೊಂದು ಬಾಕಿ

ಕೊಡಗಿನಲ್ಲಿ ಮನೆಗಳು ಮುಗಿಯುವುದಿಲ್ಲ, ಗೃಹಪ್ರವೇಶ ಮಾತ್ರ ಆಗುತ್ತದೆ. ಸೋಮವಾರಪೇಟೆಯಿಂದ ಕುಟ್ಟದವರೆಗೆ ಯಾವ ಹೊಸ ಮನೆಗೆ ಬೇಕಾದರೂ ಹೋಗಿ. ಯಜಮಾನರು ಕಾಫಿ ಕೊಡುತ್ತಾರೆ, ಟೈಲ್ಸಿನ ದರ ಹೇಳುತ್ತಾರೆ, ಕೋಣೆ ಕೋಣೆ ತೋರಿಸುತ್ತಾರೆ. ಮುಚ್ಚಿದ ಒಂದು ಬಾಗಿಲಿನ ಮುಂದೆ ಬಂದಾಗ ಮಾತ್ರ ಅವರ ನಡಿಗೆ ಚುರುಕಾಗುತ್ತದೆ. "ಅಲ್ಲಿ ಸ್ವಲ್ಪ ಫಿನಿಶಿಂಗ್ ಬಾಕಿ ಇದೆ" ಎನ್ನುತ್ತಾರೆ. ಬಾಕಿಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಸಂಬಂಧ ಕೆಡುತ್ತದೆ.

ತಳಪಾಯದ ವಿಷಯದಲ್ಲಿ ಯಾರನ್ನೂ ದೂರುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆ ಇದು. ಪಿಲ್ಲರ್ ಎಷ್ಟು ಆಳ, ತಡೆಗೋಡೆಯಲ್ಲಿ ನೀರು ಹೋಗಲು ತೂತು ಬಿಟ್ಟಿದ್ದೀರಾ ಎಂದು ಕೇಳದ ಮಾಲೀಕನಿಲ್ಲ, ಗಂಭೀರವಾಗಿ ಉತ್ತರ ಕೊಡದ ಮೇಸ್ತ್ರಿಯೂ ಇಲ್ಲ. ಗೋಡೆ ಏಳುತ್ತದೆ, ಮಾಡಿಗೆ ಹಂಚು ಕೂರುತ್ತದೆ. ನೂರರಲ್ಲಿ ತೊಂಬತ್ತೈದು ಪಾಲು ಕೆಲಸ ಕಣ್ಣೆದುರೇ ಮುಗಿದುಹೋಗುತ್ತದೆ. ಉಳಿದ ಐದು ಪಾಲಿಗೆ ಒಂದು ಆಯುಷ್ಯ ಬೇಕು.

ಇದಕ್ಕೆ ಕೆಲಸಗಾರರ ಸೋಮಾರಿತನವೇ ಕಾರಣವೆಂದು ಬೆಂಗಳೂರಿನಿಂದ ಬಂದು ಇಲ್ಲಿ ಜಾಗ ಕೊಂಡವರು ಹೇಳುವುದುಂಟು. ಅವರಿಗೆ ನಮ್ಮ ವರ್ಷದ ಲೆಕ್ಕ ತಿಳಿದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮೇಸ್ತ್ರಿ "ಮಳೆ ಬಿಡಲಿ" ಎನ್ನುತ್ತಾನೆ, ನ್ಯಾಯವಾದ ಮಾತು. ನಡುಮಳೆಗಾಲದ ಕಕ್ಕಡ ಮಾಸದಲ್ಲಿ ಶುಭಕಾರ್ಯವಿಲ್ಲವಾದ್ದರಿಂದ ಅವಸರವೂ ಇಲ್ಲ, ಮದ್ದುಸೊಪ್ಪಿನ ಪಾಯಸ ತಿಂದು ಕೂರಬಹುದು. ಮಳೆ ಬಿಡುವ ಹೊತ್ತಿಗೆ ಕೈಲ್‌ಪೊಳ್ದ್, ಆಯುಧಗಳನ್ನು ಪೂಜಿಸುವ ಕೊಡವರ ಹಬ್ಬ. ಅದು ಮುಗಿಯಿತು ಎನ್ನುವಾಗ ಮಡಿಕೇರಿ ದಸರಾ. ರಾತ್ರಿಯಿಡೀ ದಶಮಂಟಪಗಳ ಮೆರವಣಿಗೆ ನೋಡಿದ ಹುಡುಗ ಮರುದಿನ ಏಣಿ ಹತ್ತಿದರೆ ಅಪಾಯ ನಮಗೇ. ನಂತರ ತುಲಾ ಸಂಕ್ರಮಣ, ತಲಕಾವೇರಿಯ ತೀರ್ಥ. ನಂತರ ಪುತ್ತರಿ, ಹೊಸ ಬತ್ತದ ಹಬ್ಬ. ಪುತ್ತರಿಯ ಕೋಲಾಟ ನಿಲ್ಲುವುದರೊಳಗೆ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ, ಅದರ ಬೆನ್ನಿಗೆ ರೊಬಸ್ಟಾ. ಕಾಫಿ ಕೊಯ್ದರೆ ಕಿಲೋ ಲೆಕ್ಕದಲ್ಲಿ ಕೈತುಂಬ ಸಿಗುವಾಗ ನಿಮ್ಮ ಮನೆಯ ಸ್ಕರ್ಟಿಂಗ್ ಅಂಟಿಸಲು ಯಾರು ಬರುತ್ತಾರೆ? ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲವೆಂದು ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಬಂದರೆ, ಬಂತಲ್ಲ ಎಂಬ ಸಂಭ್ರಮ. ಏಪ್ರಿಲ್, ಮೇ ತಿಂಗಳು ಹಾಕಿಯದು. 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಉತ್ಸವ ಈಗ ನೂರಾರು ತಂಡಗಳ ಜಾತ್ರೆ. ಅದರ ನಡುವೆಯೇ ಮದುವೆಗಳು. ಇವೆಲ್ಲ ಕಳೆದು ಉಳಿಯುವುದು ಮೇ ಕೊನೆಯ ವಾರ. ಆಗ ಆಕಾಶ ನೋಡಿ ಮೇಸ್ತ್ರಿ ಹೇಳುತ್ತಾನೆ: "ಈಗ ಶುರು ಮಾಡಿದರೆ ಮಳೆಗೆ ಸಿಕ್ಕಿಹಾಕಿಕೊಳ್ಳುತ್ತೇವೆ, ಅಣ್ಣ."

ಬಡಗಿಗೆ ಪಂಚಾಂಗವೂ ಬೇಕಾಗಿಲ್ಲ, ಹವೆಯೇ ಅವನ ವಕೀಲ. ಜುಲೈಯಲ್ಲಿ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ನೂಕಿದರೂ ಬರುವುದಿಲ್ಲ. "ಮರ ಹಿಗ್ಗಿದೆ. ಈಗ ಉಜ್ಜಿದರೆ ಬೇಸಿಗೆಯಲ್ಲಿ ಸಡಿಲವಾಗುತ್ತದೆ, ತಾನಾಗಿ ಸರಿಹೋಗಲಿ" ಎನ್ನುತ್ತಾನೆ. ಫೆಬ್ರವರಿಯಲ್ಲಿ ಅದೇ ಬಾಗಿಲಿನ ಸಂದಿನಿಂದ ಪತ್ರಿಕೆಯನ್ನು ಆಚೆಗೆ ಕೊಡಬಹುದು. "ಮರ ಕುಗ್ಗಿದೆ, ಮಳೆಗಾಲಕ್ಕೆ ಸರಿಹೋಗುತ್ತದೆ." ಎರಡೂ ಮಾತು ಶಾಸ್ತ್ರಸಮ್ಮತ. ಹದವಾಗಿ ಒಣಗಿದ ಮರವನ್ನು ತಂದಿದ್ದರೆ ಇಷ್ಟು ಹಿಗ್ಗು ಕುಗ್ಗು ಇರುತ್ತಿರಲಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಎತ್ತಬಾರದು. ಎತ್ತಿದರೆ ಬಡಗಿ ಮಿಲ್ಲಿನವನತ್ತ ಕೈ ತೋರಿಸುತ್ತಾನೆ, ಮಿಲ್ಲಿನವನು ದೇವರತ್ತ.

ಹಾಗೆ ಕೈ ತೋರಿಸುವ ಕಲೆ ಪೂರ್ಣ ಸಿದ್ಧಿ ಪಡೆದಿರುವುದು ಸ್ನಾನದ ಕೋಣೆಯಲ್ಲಿ. ನೆಲದ ಇಳಿಜಾರು ಜಾಲರಿಯ ಕಡೆಗಿರಬೇಕು ಎಂಬುದು ಚೆಂಬು ಹಿಡಿದ ಮಗುವಿಗೂ ಗೊತ್ತು. ಆದರೆ ನೀರು ಒಮ್ಮೆ ಜಾಲರಿಯ ಅಂಚಿಗೆ ಬಂದು, ಒಳಗೆ ಇಣುಕಿ, ಮನಸ್ಸು ಬದಲಾಯಿಸಿ, ಗೋಡೆಗುಂಟ ಹರಿದು ಬಾಗಿಲಿನ ಹೊಸ್ತಿಲಲ್ಲಿ ನಿಲ್ಲುತ್ತದೆ. ಟೈಲ್ಸಿನವನನ್ನು ಕೇಳಿದರೆ ಪ್ಲಂಬರ್ ಜಾಲರಿಯನ್ನು ಎತ್ತರಕ್ಕೆ ಕೂರಿಸಿದ್ದಾನೆ. ಪ್ಲಂಬರನ್ನು ಕೇಳಿದರೆ ಗಾರೆಯವನು ಕಾಂಕ್ರೀಟನ್ನು ತಗ್ಗಿಸಲಿಲ್ಲ. ಗಾರೆಯವನನ್ನು ಕೇಳಿದರೆ "ಸಿಲಿಕೋನ್ ಹಾಕಿದರೆ ಆಯಿತು." ಈ 'ಹಾಕಿದರೆ ಆಯಿತು' ನಮ್ಮ ಕಟ್ಟಡ ಕಾಮಗಾರಿಯ ಸಂವಿಧಾನ. ಗೋಡೆ ಓರೆಯಾದರೆ ಪುಟ್ಟಿ ಹಾಕಿದರೆ ಆಯಿತು, ನಲ್ಲಿ ಸೋರಿದರೆ ಟೇಪು, ಟೈಲ್ಸ್ ಕೂಡದಿದ್ದರೆ ವೈಟ್ ಸಿಮೆಂಟ್. ಹಸಿ ಗೋಡೆಗೆ ಬಣ್ಣ ಬಳಿದು ಎರಡೇ ತಿಂಗಳಿಗೆ ಅದು ಹಪ್ಪಳದಂತೆ ಎದ್ದರೆ ಇನ್ನೊಂದು ಕೋಟ್. ಮಟ್ಟ ನೋಡುವ ರಸಮಟ್ಟ ಎಂಬ ಉಪಕರಣ ಎಲ್ಲರ ಚೀಲದಲ್ಲೂ ಇದೆ. ಆಯುಧಪೂಜೆಯ ದಿನ ಅದನ್ನು ಹೊರತೆಗೆದು, ಒರೆಸಿ, ಕುಂಕುಮ ಹಚ್ಚಿ, ಹೂ ಇಟ್ಟು, ಮತ್ತೆ ಭಕ್ತಿಯಿಂದ ಒಳಗೆ ಇಡುತ್ತಾರೆ.

ಹಣದ ಮಾತು ಬಂದರೆ ಈ ಅಂದಾಜಿನ ಜಗತ್ತು ಒಮ್ಮೆಲೇ ಕರಾರುವಾಕ್ಕಾಗುತ್ತದೆ. ಅಳತೆಯ ದಿನ ಪೇಂಟರ್ ಟೇಪು ಹಿಡಿದು ಗೋಡೆಯ ಮೂಲೆಯಿಂದ ಮೂಲೆಗೆ ನಡೆಯುತ್ತಾನೆ. ನಡುವೆ ಕಿಟಕಿಯಿದೆ ಎಂಬುದು ಅವನ ಟೇಪಿಗೆ ಕಾಣುವುದಿಲ್ಲ. ಐಎಸ್ 1200 ಎಂಬ ಭಾರತೀಯ ಮಾನಕವೇ ಗಿಲಾವಿನ ಅಳತೆಯಲ್ಲಿ ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಕಳೆಯಬೇಕಾಗಿಲ್ಲ ಎನ್ನುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಲೆಕ್ಕವುಂಟು. ನಮ್ಮಲ್ಲಿ ಆ ಔದಾರ್ಯವನ್ನು ಗ್ಯಾರೇಜಿನ ಶಟರ್‌ವರೆಗೂ ವಿಸ್ತರಿಸಲಾಗಿದೆ. ನಂತರ 'ಎಕ್ಸ್‌ಟ್ರಾ' ಬರುತ್ತದೆ. ಬಾಗಿಲು ಕರಾರಿನಲ್ಲಿತ್ತು, ಚಿಲಕ ಇರಲಿಲ್ಲ. ಚಿಲಕ ಇದ್ದರೂ ಅದನ್ನು ಕೂರಿಸುವುದು ಇರಲಿಲ್ಲ. ಮೆಟ್ಟಿಲಿನ ಕೈಹಿಡಿಗೆ ಪಾಲಿಶ್ ಇತ್ತು. ಕೈಹಿಡಿಯ ಕೆಳಮೈಗೆ, ಯಾರೂ ನೋಡುವುದಿಲ್ಲವಲ್ಲ, ಅದು ಎಕ್ಸ್‌ಟ್ರಾ.

ಮಾಲೀಕರನ್ನೂ ಬಿಡುವಂತಿಲ್ಲ. ಗ್ರಾನೈಟ್ ಅಂಗಡಿಯಲ್ಲಿ ಚೌಕಾಸಿಯಿಲ್ಲದೆ ಲಕ್ಷ ಎಣಿಸಿದವರು ಅದನ್ನು ಹೊತ್ತು ಕೂರಿಸಿದವನ ಕೂಲಿಯಲ್ಲಿ ನೂರು ರೂಪಾಯಿಗೆ ಅರ್ಧ ದಿನ ವಾದಿಸುತ್ತಾರೆ. ಕೊನೆಯ ಕಂತು ಕೇಳಿದ ದಿನವೇ ಅವರಿಗೆ ಅಡುಗೆಮನೆಯ ಟೈಲ್ಸಿನಲ್ಲಿ ಒಂದು ಗೀರು ಕಾಣಿಸುತ್ತದೆ. ಹಾಗೆ ತಡೆಹಿಡಿದ ಹತ್ತು ಸಾವಿರ ಮುಂದಿನ ಎರಡು ಮಳೆಗಾಲವನ್ನು ಬೆಚ್ಚಗೆ ಬ್ಯಾಂಕಿನಲ್ಲಿ ಕಳೆಯುತ್ತದೆ. ಇತ್ತ ಅಸ್ಸಾಮಿನಿಂದ ಬಂದ ಹುಡುಗರಿಗೆ ಮೇಸ್ತ್ರಿ ವಾರದ ಬಟವಾಡೆ ಮಾಡಲೇಬೇಕು. ಅದಕ್ಕೆ ಅವನು ಸಿದ್ದಾಪುರದಲ್ಲಿ ಇನ್ನೊಂದು ಮನೆ ಹಿಡಿದು ಮುಂಗಡ ತರುತ್ತಾನೆ. ಆ ಮನೆಯ ಮುಂಗಡ ಈ ಮನೆಯ ಕೂಲಿಗೆ ಹೋದ ಮೇಲೆ ಆ ಮನೆಯ ಕೂಲಿಗೆ ನಾಪೋಕ್ಲಿನ ಮನೆ ಬೇಕು. ಹೀಗೆ ಜಿಲ್ಲೆಯ ಮನೆಗಳು ನಿಂತಿರುವುದು ಪಿಲ್ಲರಿನ ಮೇಲಾದರೂ ನಡೆಯುತ್ತಿರುವುದು ಮುಂದಿನವನ ಮುಂಗಡದ ಮೇಲೆ. ಮಾಲೀಕ ಹತ್ತು ಸಾವಿರ ಹಿಡಿಯುತ್ತಾನೆಂದು ಮೇಸ್ತ್ರಿಗೆ ಮೊದಲೇ ಗೊತ್ತು, ಆದ್ದರಿಂದ ದರ ಹೇಳುವಾಗಲೇ ಅದನ್ನು ಸೇರಿಸಿರುತ್ತಾನೆ. ಮೇಸ್ತ್ರಿ ಚಿಲಕ ಹಾಕುವುದಿಲ್ಲವೆಂದು ಮಾಲೀಕನಿಗೂ ಗೊತ್ತು, ಆದ್ದರಿಂದ ಮೊದಲೇ ಹಿಡಿದಿಟ್ಟಿರುತ್ತಾನೆ. ಯಾರಿಗೂ ನಷ್ಟವಿಲ್ಲ. ಚಿಲಕವೊಂದು ಇಲ್ಲ, ಅಷ್ಟೇ.

ಕಾನೂನಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿಯ ದೋಷ ತೋರಿಸಿದರೆ ಬಿಲ್ಡರ್ ತನ್ನ ಖರ್ಚಿನಲ್ಲಿ 30 ದಿನಗಳೊಳಗೆ ಸರಿಪಡಿಸಬೇಕು. ಅದು ಕಟ್ಟಿ ಮಾರುವವರಿಗೆ. ಸ್ವಂತ ಜಾಗದಲ್ಲಿ ಮೇಸ್ತ್ರಿ ಹಿಡಿದು ಕಟ್ಟಿಸಿದ ನಮ್ಮ ಮನೆಗೆ ಆ ಭಾಗ್ಯವಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಜಿಲ್ಲಾ ಆಯೋಗ ಮಡಿಕೇರಿಯಲ್ಲೇ ಇದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಬೇಕಾದದ್ದು ದಾಖಲೆ. ದಾಖಲೆ ಇತ್ತು. ಹಾರ್ಡ್‌ವೇರ್ ಅಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಾರ್ಪೆಂಟರ್ ಪೆನ್ಸಿಲಿನಿಂದ ಬರೆದ ಕರಾರು ಅದು. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಹಳೆಯದು ಬಚ್ಚಲ ಒಲೆ ಸೇರಿತು. ಮೊಬೈಲಿನಲ್ಲಿ ಕಳಿಸಿದ ಹಣಕ್ಕೆ ಪುರಾವೆಯಿದೆ, ಆದರೆ ಅದು ಹೋಗಿರುವುದು ಮೇಸ್ತ್ರಿಯ ಭಾವಮೈದುನನ ನಂಬರಿಗೆ. ಆ ಭಾವಮೈದುನನಿಗೆ ಫೋನ್ ಮಾಡಿದರೆ ಅವನು ಯಾವಾಗಲೂ ಮಾಕುಟ್ಟ ಘಾಟಿಯಲ್ಲಿರುತ್ತಾನೆ, ಅಲ್ಲಿ ಸಿಗ್ನಲ್ ಇರುವುದಿಲ್ಲ.

ಹೀಗಾಗಿ ಮಾಲೀಕರ ಕೈಯಲ್ಲಿ ಉಳಿದಿರುವ ಆಯುಧ ಒಂದೇ, ಗೃಹಪ್ರವೇಶದ ಕರೆಯೋಲೆ. ಕಾರ್ಡು ಅಚ್ಚಾದರೆ ಮೇಸ್ತ್ರಿಯ ಮರ್ಯಾದೆಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಹಿಂದಿನ ರಾತ್ರಿ ಎಲ್ಲರೂ ಬರುತ್ತಾರೆ, ಪುರೋಹಿತರು ಮಂಡಲ ಬರೆಯುತ್ತಿರುವಾಗ ಪಕ್ಕದಲ್ಲೇ ಡ್ರಿಲ್ ಯಂತ್ರ ಓಡುತ್ತದೆ, ಹೋಮದ ಹೊಗೆಯಲ್ಲಿ ವಾರ್ನಿಷಿನ ವಾಸನೆ ಬೆರೆಯುತ್ತದೆ. ಇದನ್ನು ಕಂಡು ಬುದ್ಧಿ ಕಲಿತ ಕೆಲವರು ಈಚೆಗೆ ಮೇಸ್ತ್ರಿಗೆ ಒಂದು ತಿಂಗಳು ಮುಂಚಿನ ಸುಳ್ಳು ತಾರೀಕು ಹೇಳತೊಡಗಿದ್ದಾರೆ. ಗೋಣಿಕೊಪ್ಪದ ಕಡೆಯ ನನ್ನ ಪರಿಚಿತರೊಬ್ಬರು ಹಾಗೆಯೇ ಮಾಡಿದರು. ತಾರೀಕು ಕೇಳಿದ ಮೇಸ್ತ್ರಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಜೇಬಿನಿಂದ ಮೊಬೈಲ್ ತೆಗೆದು, ತುಸು ಹೊತ್ತು ನೋಡಿದ.

"ಅವತ್ತು ಅಮಾವಾಸ್ಯೆ, ಅಣ್ಣ" ಎಂದ. "ಸರಿಯಾದ ತಾರೀಕು ಹೇಳಿ, ಅದರ ಹಿಂದಿನ ರಾತ್ರಿ ಬರುತ್ತೇನೆ. ಮುಂಗಡ ಮಾತ್ರ ಇವತ್ತೇ ಬೇಕು."