ಗಾಳಿ ತಗ್ಗಿತೆಂದ ಮಾತ್ರಕ್ಕೆ ಮಳೆ ತಗ್ಗುವುದಿಲ್ಲ

‘ಚಂಡಮಾರುತ ದುರ್ಬಲ, ಆತಂಕ ದೂರ’ ಎಂಬ ಸಾಲು ಇಂದು ಬೆಳಿಗ್ಗೆ ಮೂಡಿಗೆರೆಯ ಹೋಟೆಲೊಂದರ ಟಿ.ವಿ.ಯಲ್ಲಿ ಓಡುತ್ತಿದ್ದುದನ್ನು ಕಂಡು ನನಗೆ ನಿಜಕ್ಕೂ ಸಿಟ್ಟು ಬಂತು. ಅರೇಬಿಕಾ ಕೊಯ್ಲು ನಡೆದು, ಕಣದ ತುಂಬ ಕಾಫಿ ಹರಡಿಕೊಂಡಿರುವ ಈ ಹೊತ್ತಿನಲ್ಲಿ ಅದನ್ನು ನಂಬಿ ಟಾರ್ಪಾಲು ಮಡಚಿಟ್ಟವರ ಗತಿಯೇನು?

ದುರ್ಬಲಗೊಂಡದ್ದು ಏನು ಎಂಬುದನ್ನು ಯಾರೂ ಹೇಳುವುದಿಲ್ಲ. ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ಸಮುದ್ರದಿಂದ ಎದ್ದ ಆವಿ ಮೇಲೇರಿ ಮೋಡವಾಗುವಾಗ ಹೊರಬೀಳುವ ಶಾಖವೇ ಉಷ್ಣವಲಯದ ಚಂಡಮಾರುತಗಳಿಗೆ ಶಕ್ತಿ ಕೊಡುತ್ತದೆ. ಭಾರತೀಯ ಹವಾಮಾನ ಇಲಾಖೆ ಅವುಗಳಿಗೆ ದರ್ಜೆ ಕೊಡುವುದು ಗಾಳಿಯ ವೇಗವನ್ನು ನೋಡಿ: ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 61ರವರೆಗೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರು ಸಿಗುವುದೂ ಆಗಲೇ. ಅಂದರೆ ‘ದುರ್ಬಲ’ವಾದದ್ದು ಗಾಳಿ ಮಾತ್ರ; ಈ ಇಡೀ ಏಣಿಯಲ್ಲಿ ಮಳೆಗೆ ಒಂದು ಮೆಟ್ಟಿಲೂ ಇಲ್ಲ.

ಫೆಂಗಲ್ ಚಂಡಮಾರುತವನ್ನು ನೆನಪಿಸಿಕೊಳ್ಳಿ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಮುಟ್ಟಿದ ಅದು ಒಳನಾಡಿಗೆ ಬಂದು ಶಕ್ತಿಗುಂದಿತು, ಸುದ್ದಿಯಲ್ಲಿ ಅದರ ಕಥೆ ಅಲ್ಲಿಗೇ ಮುಗಿಯಿತು. ಆದರೆ ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ 50 ಸೆಂ.ಮೀ. ಮಳೆ ಸುರಿದದ್ದು ಆ ಬಳಿಕ. ಉಳಿದ ತೇವಾಂಶವೆಲ್ಲ ಪಶ್ಚಿಮಕ್ಕೆ ಸರಿದು, ನಮ್ಮ ಆಕಾಶವನ್ನು ದಾಟಿಯೇ ಅರಬ್ಬಿ ಸಮುದ್ರ ಸೇರಿತು. ಬಂಗಾಳಕೊಲ್ಲಿಯ ಗಾಳಿ ಘಟ್ಟದವರೆಗೆ ಅದೇ ಬಿರುಸಿನಲ್ಲಿ ಬರುವುದಿಲ್ಲ, ನಮ್ಮನ್ನು ತಲುಪುವುದು ಅದರ ಮಳೆ. ಹಾಗಿರುವಾಗ ‘ದುರ್ಬಲ’ ಎಂಬ ಮಾತು ನಮಗೆ ಎಚ್ಚರಿಕೆಯ ಆರಂಭವಾಗಬೇಕೇ ಹೊರತು ಅಂತ್ಯವಲ್ಲ.

ಇಷ್ಟೆಲ್ಲ ವಿವರ ಜನರಿಗೆ ಅರ್ಥವಾಗದು, ಸುದ್ದಿ ಸರಳವಾಗಿರಬೇಕು ಎಂದು ಪತ್ರಿಕಾರಂಗದ ಗೆಳೆಯರು ವಾದಿಸುತ್ತಾರೆ. ನಾನು ಒಪ್ಪಲಾರೆ. ಬೀನ್‌ನ ತೇವಾಂಶವನ್ನು ಶೇಕಡಾ ಲೆಕ್ಕದಲ್ಲಿ ಮಾತನಾಡುವ, ಪ್ರತಿ ಮಳೆಯನ್ನೂ ಇಂಚಿನಲ್ಲಿ ಬರೆದಿಡುವ ಬೆಳೆಗಾರರಿಗೆ ಗಾಳಿಯ ದರ್ಜೆ ಬೇರೆ, ಮಳೆಯ ಮುನ್ಸೂಚನೆ ಬೇರೆ ಎಂಬುದು ಅರ್ಥವಾಗದೇ? ಬಿಸಿಲು ಕಾಣದೆ ಕಣದಲ್ಲೇ ಬೂಷ್ಟು ಹಿಡಿದ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಹಾಕಿದ ಕಾಫಿ ಬೀಜಕ್ಕೆ) ವ್ಯಾಪಾರಿ ಕೇಳುವ ಬೆಲೆಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹವಾಮಾನ ಇಲಾಖೆ ಜಿಲ್ಲಾವಾರು ಮಳೆಯ ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಪ್ರತ್ಯೇಕವಾಗಿಯೇ ಪ್ರಕಟಿಸುತ್ತದೆ. ಚಂಡಮಾರುತದ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ತೋರಿಸುವವರು ಅದರ ಪಕ್ಕದಲ್ಲೇ ಚಿಕ್ಕಮಗಳೂರಿಗೆ ಯಾವ ಬಣ್ಣ, ಹಾಸನಕ್ಕೆ ಯಾವ ಬಣ್ಣ ಎಂಬುದನ್ನೂ ತೋರಿಸಲಿ.