ಪೋರ್ಟ್ ನಂಬರ್ ಒಂದನ್ನೇ ಬದಲಿಸಿದರೆ ಮೇಲ್ ಹೋಗುವುದಿಲ್ಲ

ಕಾಲೇಜುಗಳು ಪಾಠಕ್ಕೆ ಬಳಸುವ ಮೂಡಲ್, ಕಂಪನಿಗಳು ವ್ಯವಹಾರಕ್ಕೆ ಬಳಸುವ ಇಆರ್‌ಪಿನೆಕ್ಸ್ಟ್, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಯಾವುದನ್ನೇ ತೆಗೆದುಕೊಳ್ಳಿ. ಸೈಟಿನಿಂದ ಮೇಲ್ ಹೋಗುತ್ತಿಲ್ಲ ಅಂದ ಕೂಡಲೇ ಅಡ್ಮಿನ್ ಮಾಡುವ ಮೊದಲ ಕೆಲಸ ಪೋರ್ಟ್ (ಮೇಲ್ ಸರ್ವರ್‌ನ ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವ ನಂಬರ್) ಬದಲಿಸುವುದು. 25 ಆಗಲಿಲ್ಲವಾ, 587 ಹಾಕು. ಅದೂ ಆಗಲಿಲ್ಲವಾ, 465. ಕೊನೆಗೆ ಎಲ್ಲೋ ಓದಿದ 2525. ಈ ಅಭ್ಯಾಸವನ್ನು ಬಿಡಲೇಬೇಕು. ಪೋರ್ಟ್ ಮತ್ತು ಅದರ ಪಕ್ಕದ ಎಸ್‌ಎಸ್‌ಎಲ್, ಟಿಎಲ್‌ಎಸ್ ಎಂಬ ಸೆಕ್ಯೂರಿಟಿ ಆಯ್ಕೆ ಒಂದು ಜೋಡಿ. ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ನೋಡಬೇಕು.

465ರಲ್ಲಿ ಸಂಪರ್ಕ ಸಿಕ್ಕ ಕ್ಷಣದಿಂದಲೇ ಎನ್‌ಕ್ರಿಪ್ಶನ್ (ಬೇರೆಯವರು ಓದಲಾಗದಂತೆ ಗುಪ್ತಲಿಪಿಗೆ ಬದಲಿಸುವುದು) ಶುರು. ಒಂದಕ್ಷರವೂ ಬಯಲಾಗಿ ಹೋಗುವುದಿಲ್ಲ. 587ರಲ್ಲಿ ಹಾಗಲ್ಲ. ಮೊದಲು ಸರ್ವರ್ ಸಾದಾ ಅಕ್ಷರದಲ್ಲಿ 220 ಎಂದು ಶುರುವಾಗುವ ಸಾಲನ್ನು ಕಳಿಸುತ್ತದೆ, ನಿಮ್ಮ ತಂತ್ರಾಂಶ ತನ್ನ ಪರಿಚಯ ಹೇಳಿಕೊಳ್ಳುತ್ತದೆ, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆಜ್ಞೆ ಕೊಟ್ಟು ಎನ್‌ಕ್ರಿಪ್ಶನ್‌ಗೆ ಬದಲಾಗುತ್ತದೆ.

ಈಗ ಜೋಡಿ ತಪ್ಪಿದರೆ ಏನಾಗುತ್ತದೆ ನೋಡಿ. 587 ಹಾಕಿ ಎಸ್‌ಎಸ್‌ಎಲ್ ಆರಿಸಿದರೆ ತಂತ್ರಾಂಶ ಎನ್‌ಕ್ರಿಪ್ಟ್ ಆದ ಉತ್ತರವನ್ನು ನಿರೀಕ್ಷಿಸುತ್ತದೆ, ಬರುವುದು ಸಾದಾ 220 ಸಾಲು. ಅದನ್ನೇ ಟಿಎಲ್‌ಎಸ್ ಎಂದು ಓದಲು ಹೋಗಿ 'ರಾಂಗ್ ವರ್ಷನ್ ನಂಬರ್' ಎಂಬ ಎರರ್ ಕೊಡುತ್ತದೆ. ಇದನ್ನು ನೋಡಿ ಸೈಟ್ ನಡೆಸುವ ಪಿಎಚ್‌ಪಿ ಭಾಷೆಯ ವರ್ಷನ್ ಹಳೆಯದು ಅಂದುಕೊಂಡು ಅಪ್‌ಗ್ರೇಡ್‌ಗೆ ಇಳಿಯಬೇಡಿ. ಇನ್ನು 465 ಹಾಕಿ ಟಿಎಲ್‌ಎಸ್ ಆರಿಸಿದರೆ ತಂತ್ರಾಂಶ 220ಕ್ಕಾಗಿ ಕಾಯುತ್ತದೆ, ಸರ್ವರ್ ಎನ್‌ಕ್ರಿಪ್ಶನ್ ಶುರುವಾಗಲಿ ಎಂದು ಕಾಯುತ್ತದೆ. ಇಬ್ಬರೂ ಸುಮ್ಮನೆ. ಸ್ವಲ್ಪ ಹೊತ್ತಿಗೆ ಟೈಮ್‌ಔಟ್. ಜನ ಇದನ್ನು ಫೈರ್‌ವಾಲ್ (ನೆಟ್‌ವರ್ಕ್‌ನ ತಡೆಗೋಡೆ) ಸಮಸ್ಯೆ ಎಂದು ತಿಳಿದು ನೆಟ್‌ವರ್ಕ್‌ನವರ ಹಿಂದೆ ಬೀಳುತ್ತಾರೆ.

ಇದರಲ್ಲಿ ಅಡ್ಮಿನ್‌ಗಳ ತಪ್ಪಿಗಿಂತ ಈ ಸೆಟ್ಟಿಂಗ್ಸ್ ಫಾರಂ ಬರೆದವರ ತಪ್ಪೇ ಹೆಚ್ಚು. ಅದರ ಸೆಕ್ಯೂರಿಟಿ ಪಟ್ಟಿಯಲ್ಲಿ ಎಸ್‌ಎಸ್‌ಎಲ್ ಎಂದರೆ ಮೊದಲಿಂದಲೇ ಎನ್‌ಕ್ರಿಪ್ಶನ್, ಅಂದರೆ 465. ಟಿಎಲ್‌ಎಸ್ ಎಂದರೆ ಸ್ಟಾರ್ಟ್‌ಟಿಎಲ್‌ಎಸ್, ಅಂದರೆ 587. ನಿಜವಾಗಿ ಎರಡರಲ್ಲೂ ನಡೆಯುವುದು ಟಿಎಲ್‌ಎಸ್ಸೇ. ಎಸ್‌ಎಸ್‌ಎಲ್ ಹಳೆಯದು, ಟಿಎಲ್‌ಎಸ್ ಹೊಸದು ಎಂದು ಸರಿಯಾಗಿಯೇ ಓದಿಕೊಂಡವರು 465ಕ್ಕೂ ಟಿಎಲ್‌ಎಸ್ ಆರಿಸಿ ಸಿಕ್ಕಿಬೀಳುತ್ತಾರೆ. '465, ಮೊದಲಿಂದಲೇ ಎನ್‌ಕ್ರಿಪ್ಶನ್', '587, ಸ್ಟಾರ್ಟ್‌ಟಿಎಲ್‌ಎಸ್' ಎಂದು ಎರಡೇ ಆಯ್ಕೆ ಜೋಡಿಯಾಗಿ ಕೊಟ್ಟಿದ್ದರೆ ಈ ಗೊಂದಲದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ.

ಮೂಡಲ್‌ನಲ್ಲಂತೂ ಪೋರ್ಟ್‌ಗೆ ಬೇರೆ ಜಾಗವೇ ಇಲ್ಲ. ಸೈಟ್ ಅಡ್ಮಿನಿಸ್ಟ್ರೇಶನ್, ಸರ್ವರ್, ಇಮೇಲ್ ದಾಟಿ ಔಟ್‌ಗೋಯಿಂಗ್ ಮೇಲ್ ಪುಟಕ್ಕೆ ಹೋದರೆ ಸರ್ವರ್ ಹೆಸರು ಮುಗಿದ ಕೂಡಲೇ ಕೋಲನ್ (:) ಹಾಕಿ ನಂಬರ್ ಬರೆಯಬೇಕು. ಕೋಲನ್ ಬಿಟ್ಟರೆ ಅದು 25ಕ್ಕೆ ಹೋಗುತ್ತದೆ. ಇಡೀ ಜಾಗ ಖಾಲಿ ಬಿಟ್ಟರೆ ಪಿಎಚ್‌ಪಿಯ ಸ್ವಂತ ಮೇಲ್ ವ್ಯವಸ್ಥೆ ಬಳಸುತ್ತದೆ. ಆಗ ನೀವು ಕೆಳಗೆ ತುಂಬಿದ ಯೂಸರ್‌ನೇಮ್, ಪಾಸ್‌ವರ್ಡ್‌ಗಳಿಗೆ ಯಾವ ಬೆಲೆಯೂ ಇಲ್ಲ.

25 ಬೇಡ ಎನ್ನುವುದಕ್ಕೆ ಕಾರಣವಿದೆ. 1982ರ ಆರ್‌ಎಫ್‌ಸಿ 821ರ (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಕಾಲದಿಂದ ಬಂದ ಆ ಪೋರ್ಟ್ ಇವತ್ತು ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟಿಸುವುದಕ್ಕೆ. ತಂತ್ರಾಂಶ ತನ್ನ ಮೇಲ್ ಸರ್ವರ್‌ಗೆ ಒಪ್ಪಿಸುವ ಕೆಲಸಕ್ಕೆಂದು 1998ರಲ್ಲಿ ಆರ್‌ಎಫ್‌ಸಿ 2476 ಬೇರೆಯಾಗಿ 587 ಕೊಟ್ಟಿತು. ಸ್ಪ್ಯಾಮ್ ಕಾಟದಿಂದ ಬಾಡಿಗೆ ಸರ್ವರ್ ಕೊಡುವ ಅಮೆಜಾನ್ ಇಸಿ2, ಗೂಗಲ್ ಕ್ಲೌಡ್ ಎರಡೂ ಹೊರಹೋಗುವ 25ನ್ನು ಮೊದಲೇ ತಡೆದಿರುತ್ತವೆ. ಡಿಜಿಟಲ್‌ಓಶನ್ ತನ್ನ ಡ್ರಾಪ್ಲೆಟ್ ಎಂಬ ಬಾಡಿಗೆ ಸರ್ವರ್‌ಗಳಲ್ಲಿ 465, 587 ಕೂಡ ತಡೆಯುತ್ತದೆ. ಅಂಥ ಕಡೆ 2525 ಕೊಡುವ ಮೇಲ್ ಸೇವೆಯೇ ದಾರಿ. ಜಿಮೇಲ್ ಸರ್ವರ್‌ಗೆ 2525 ಹಾಕಿ ಉಪಯೋಗವಿಲ್ಲ.

'465 ಹಳೆಯದಾಯಿತು, ಬಳಸಬೇಡಿ' ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ನಿಜ. 1997ರಲ್ಲಿ ಕೊಟ್ಟ ನಂಬರನ್ನು ಮರುವರ್ಷ ಹಿಂದೆ ತೆಗೆದುಕೊಂಡಿದ್ದರು. ಆದರೆ ಸೇವೆ ಕೊಡುವವರು ಅದನ್ನು ಬಿಡಲಿಲ್ಲ, 2018ರ ಆರ್‌ಎಫ್‌ಸಿ 8314 ಅದಕ್ಕೆ ಮತ್ತೆ ಮಾನ್ಯತೆ ಕೊಟ್ಟು ಮೊದಲಿಂದಲೇ ಎನ್‌ಕ್ರಿಪ್ಟ್ ಆಗುವ ದಾರಿಯೇ ಮೇಲು ಎಂದಿತು. ನಾನೂ ಅದನ್ನೇ ಹೇಳುತ್ತೇನೆ: ಸೇವೆಯಲ್ಲಿ 465 ಇದ್ದರೆ ಅದನ್ನೇ ಹಾಕಿ. ಸ್ಟಾರ್ಟ್‌ಟಿಎಲ್‌ಎಸ್ ಶುರುವಾಗುವ ಮುಂಚಿನ ಸಾದಾ ಮಾತಿನಲ್ಲಿ ನಡುವಿನ ಫೈರ್‌ವಾಲ್ ಕೈಯಾಡಿಸಬಹುದು. ಆ ಆಜ್ಞೆಯನ್ನೇ ಅಳಿಸಿಹಾಕಬಹುದು. ಜಿಮೇಲ್‌ನಲ್ಲಿ ಎರಡೂ ಇವೆ. ಮೈಕ್ರೋಸಾಫ್ಟ್ 365ರಲ್ಲಿ ಮಾತ್ರ 465 ಇಲ್ಲ. 587, ಸ್ಟಾರ್ಟ್‌ಟಿಎಲ್‌ಎಸ್ ಅಷ್ಟೇ.

ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸುವುದು ತಂತ್ರಾಂಶ ಕೂತಿರುವ ಸರ್ವರ್‌ನಿಂದಲೇ ಆಗಬೇಕು. ನಿಮ್ಮ ಲ್ಯಾಪ್‌ಟಾಪ್‌ನಿಂದ 587 ಸಿಕ್ಕಿತು ಎಂದರೆ ಸರ್ವರ್‌ನಿಂದಲೂ ಸಿಗುತ್ತದೆ ಎಂದೇನಿಲ್ಲ. ಪೋರ್ಟ್‌ಗೆ ನೇರವಾಗಿ ಸಂಪರ್ಕ ಮಾಡಿ ನೋಡುವ ಟೆಲ್ನೆಟ್ ಆಜ್ಞೆಯಲ್ಲಿ 587ಕ್ಕೆ ಹೋದಾಗ 220 ಸಾಲು ಕಂಡರೆ ದಾರಿ ತೆರೆದಿದೆ. 465ಕ್ಕೆ ಟೆಲ್ನೆಟ್ ಮಾಡಿದರೆ ಸಂಪರ್ಕ ಸಿಕ್ಕರೂ ಪರದೆ ಖಾಲಿ ಇರುವುದೇ ಸರಿ. ಅಲ್ಲಿ ಎನ್‌ಕ್ರಿಪ್ಶನ್‌ನಲ್ಲೇ ಮಾತಾಡುವ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ (s_client) ಆಜ್ಞೆ ಬಳಸಿ.

ಉತ್ತರವಾಗಿ ಮೂರಂಕಿಯ ಕೋಡ್ ಬಂತು ಎಂದರೆ ಪೋರ್ಟ್ ತೆರೆದೇ ಇದೆ, ಅದನ್ನು ಮತ್ತೆ ಮುಟ್ಟಬೇಡಿ. 530 ಬಂದು ಸ್ಟಾರ್ಟ್‌ಟಿಎಲ್‌ಎಸ್ ಮೊದಲು ಕೊಡಿ ಎಂದರೆ ಸೆಕ್ಯೂರಿಟಿ ಜಾಗದಲ್ಲಿ 'ನನ್' (None, ಅಂದರೆ ಯಾವುದೂ ಇಲ್ಲ) ಉಳಿದಿದೆ. 535 ಎಂದರೆ ಲಾಗಿನ್ ಆಗಲಿಲ್ಲ. ಜಿಮೇಲ್‌ಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ; ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು, ನಡುವಿನ ಖಾಲಿ ಜಾಗ ತೆಗೆದು ಹಾಕಿ. ಆ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ನಿನ್ನೆಯವರೆಗೆ ಹೋಗುತ್ತಿದ್ದ ಮೇಲ್ ಇವತ್ತು ಇದ್ದಕ್ಕಿದ್ದಂತೆ ನಿಂತರೆ ಮೊದಲು ಇದನ್ನೇ ನೋಡಿ. ಮೈಕ್ರೋಸಾಫ್ಟ್‌ನಿಂದ 535ರ ಜೊತೆ 5.7.139 ಬಂದರೆ ಅದರ ಮುಂದಿನ ವಾಕ್ಯ ಓದಿ. ಸಂಸ್ಥೆಯ ಮಟ್ಟದಲ್ಲೇ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ಲಾಗಿನ್ ಆಫ್ ಇದ್ದರೆ ಅಲ್ಲಿಯೇ ಬರೆದಿರುತ್ತದೆ. 5.7.60 ಬಂದರೆ ಕಳಿಸುವವರ ವಿಳಾಸ ಲಾಗಿನ್ ಆದ ಖಾತೆಯದ್ದಲ್ಲ. ಮೂಡಲ್‌ನ ನೋ-ರಿಪ್ಲೈ ವಿಳಾಸವನ್ನು ಆ ಖಾತೆಯ ವಿಳಾಸಕ್ಕೇ ಬದಲಿಸಿ.

ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಎರರ್ ಬಂದಾಗ 'ಪರಿಶೀಲನೆಯನ್ನೇ ಆಫ್ ಮಾಡಿ' ಎನ್ನುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಹಾಗೆ ಮಾಡಿದರೆ ಮಧ್ಯೆ ಕೂತ ಯಾರಿಗಾದರೂ ಪಾಸ್‌ವರ್ಡ್ ಒಪ್ಪಿಸಿದಂತೆ. ಬಹಳ ಸಲ ಕಾರಣ ಚಿಕ್ಕದು: ಸರ್ವರ್ ಹೆಸರಿನ ಜಾಗದಲ್ಲಿ ಐಪಿ ವಿಳಾಸ ಹಾಕಿರುತ್ತಾರೆ, ಇಲ್ಲವೇ ಸರ್ಟಿಫಿಕೇಟ್ ಹೋಸ್ಟಿಂಗ್ ಕಂಪನಿಯ ಹೆಸರಲ್ಲಿರುವಾಗ ತಮ್ಮ ಡೊಮೇನ್ ಹಾಕಿರುತ್ತಾರೆ. ಸರ್ಟಿಫಿಕೇಟ್‌ನಲ್ಲಿರುವ ಹೆಸರನ್ನೇ ಬರೆಯಿರಿ.

ಟೆಸ್ಟ್ ಮೇಲ್ ತಲುಪಿ, ಪಾಸ್‌ವರ್ಡ್ ರೀಸೆಟ್ ಮೇಲ್ ಕೂಡ ತಲುಪಿ, ಫೋರಂ ಪ್ರಕಟಣೆ ಮಾತ್ರ ಯಾರಿಗೂ ಬರದಿದ್ದರೆ ಮೂಡಲ್‌ನ ಕ್ರಾನ್ (ಹೊತ್ತುಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಓಡುತ್ತಿಲ್ಲ. ಫೋರಂ ಮೇಲ್ ಹೋಗುವುದು ಅದರಿಂದಲೇ. ಕೆಲವರಿಗಷ್ಟೇ ತಲುಪಿದ್ದರೆ ದಿನದ ಮಿತಿ ನೋಡಿ. ಸಾದಾ ಜಿಮೇಲ್ ಖಾತೆಗೆ ದಿನಕ್ಕೆ 500, ಸಂಸ್ಥೆಗಳಿಗೆಂದು ಗೂಗಲ್ ಕೊಡುವ ವರ್ಕ್‌ಸ್ಪೇಸ್ ಖಾತೆಗೆ 2000. 1200 ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಎಲ್ಲರಿಗೂ ಒಂದು ಪ್ರಕಟಣೆ ಹಾಕಿದರೆ 1200 ಮೇಲ್. ಅಷ್ಟು ದೊಡ್ಡ ಸೈಟನ್ನು ಯಾರದೋ ವೈಯಕ್ತಿಕ ಜಿಮೇಲ್‌ಗೆ ಕಟ್ಟಿಹಾಕಬೇಡಿ. ವರ್ಕ್‌ಸ್ಪೇಸ್‌ನ ರಿಲೇ ಸೇವೆಯನ್ನೋ, ಮೇಲ್ ಕಳಿಸುವುದಕ್ಕೆಂದೇ ಇರುವ ಬೇರೆ ಸೇವೆಯನ್ನೋ ತೆಗೆದುಕೊಂಡು, ಕಾಲೇಜಿನ ಡೊಮೇನ್‌ಗೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ಅಸಲಿ ಎಂದು ತೋರಿಸುವ) ದಾಖಲೆಗಳನ್ನು ಸೇರಿಸಿ.