ಎಷ್ಟು ಕೊಡ್ತದೆ?

ಹೊಸ ಗಾಡಿ ಅಂಗಳಕ್ಕೆ ಬಂದರೆ ನಮ್ಮ ಕರಾವಳಿಯಲ್ಲಿ ಅದರ ಬಣ್ಣವನ್ನಾಗಲಿ, ಸಾಲದ ಕಂತನ್ನಾಗಲಿ ಯಾರೂ ಮೊದಲು ಕೇಳುವುದಿಲ್ಲ. ಚಕ್ರದಡಿ ಇಟ್ಟ ಲಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಬರುವ ಪ್ರಶ್ನೆ ಒಂದೇ, “ಎಷ್ಟು ಕೊಡ್ತದೆ?” ಅಂದರೆ ಮೈಲೇಜ್, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಉತ್ತರವೂ ಒಂದೇ ಅಂಕಿಯಲ್ಲಿ ಬರಬೇಕು. “ಅದು ಲೋಡ್ ನೋಡಿಕೊಂಡು ಮಾರಾಯ್ರೆ” ಎಂದರೆ ಕೇಳಿದವರ ಮುಖದಲ್ಲಿ ಸಂಶಯ, ಇವ ಏನೋ ಮುಚ್ಚಿಡುತ್ತಿದ್ದಾನೆ ಎಂದು. ಶೋರೂಮಿನಲ್ಲಿ ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದರೆ ಸಮಾಧಾನ. ಚಾ ಕುಡಿದು ಹೋಗುತ್ತಾರೆ.

ಸ್ಕೂಟರಿಗೆ ಈ ಪ್ರಶ್ನೆ ಪರವಾಗಿಲ್ಲ. ಆದರೆ ಬಾಲಕ್ಕೆ ಜನರೇಟರ್ ಸಿಕ್ಕಿಸಿಕೊಂಡು ಹೋಗುವ ಪಿಕಪ್ಪಿಗೂ ಅದೇ ಪ್ರಶ್ನೆ, ಅದೇ ಒಂದು ಅಂಕಿ! ಮಳೆಗಾಲ ಮುಗಿದದ್ದೇ ತಡ, ಹಬ್ಬ-ಆಟಗಳ ಕಾಲ ಮುಗಿಯುವ ಮೇ ತಿಂಗಳ ಪತ್ತನಾಜೆಯವರೆಗೆ ನಮ್ಮ ರಸ್ತೆಗಳಲ್ಲಿ ಎಳೆದುಕೊಂಡು ಹೋಗುವ ಸಾಮಾನಿನದ್ದೇ ಕಾರುಬಾರು. ಮದುವೆಗೆ, ದೈವದ ನೇಮಕ್ಕೆ, ಯಕ್ಷಗಾನ ಬಯಲಾಟಕ್ಕೆ ಜನರೇಟರ್. ಮನೆಯ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಮಿಕ್ಸರ್. ಮಲ್ಪೆ ಕಡೆ ದೋಣಿ ಹೇರಿದ ಟ್ರೈಲರ್. ಇವನ್ನೆಲ್ಲ ಎಳೆಯಲು ಪೆಟ್ರೋಲ್ ಗಾಡಿ ಒಳ್ಳೆಯದೋ ಡೀಸೆಲ್ ಒಳ್ಳೆಯದೋ ಎಂಬ ಚರ್ಚೆ ಮದುವೆ ಹಾಲಿನಲ್ಲಿ ಎರಡನೇ ಪಂಕ್ತಿಗೆ ಕಾಯುವವರ ನಡುವೆ ಹುಟ್ಟಿ, ಪಾಯಸದ ಹೊತ್ತಿಗೂ ಮುಗಿಯುವುದಿಲ್ಲ. ಇಬ್ಬರ ಬಳಿಯೂ ಅಂಕಿ ಇರುತ್ತದೆ. ಆ ಅಂಕಿ ತೆಗೆದಾಗ ಗಾಡಿಯಲ್ಲಿ ಎಷ್ಟು ಭಾರ ಇತ್ತು ಎಂಬುದು ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಅಷ್ಟಕ್ಕೂ ವಿಷಯ ಬ್ರಹ್ಮವಿದ್ಯೆಯೇನಲ್ಲ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ, ಪೆಟ್ರೋಲಿನಲ್ಲಿ 32ರ ಆಸುಪಾಸು. ಡೀಸೆಲ್ ದಪ್ಪ, ಲೀಟರಿಗೆ 830 ಗ್ರಾಂ ಹತ್ತಿರ ತೂಗುತ್ತದೆ. ಪೆಟ್ರೋಲ್ 740 ಚಿಲ್ಲರೆ. ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಅದರ ಮೇಲೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮಿಶ್ರಣದಲ್ಲಿ ಶೇ. 6-7 ಖೋತಾ. ಹಳೇ ಅಂಕಿಯನ್ನೇ ಹಿಡಿದು ವಾದಿಸುವ ಪೆಟ್ರೋಲ್ ಪಕ್ಷದವರು ಇದನ್ನು ಸಲೀಸಾಗಿ ಮರೆಯುತ್ತಾರೆ.

ಭಾರ ಎಳೆಯುವಾಗ ನಿಜವಾದ ಆಟ ಇರುವುದು ಎಂಜಿನ್ನಿನ ಒಳಗೆ. ಡೀಸೆಲ್ ಎಂಜಿನ್ ಗಾಳಿಯನ್ನು 16ರಿಂದ 18 ಪಟ್ಟು ಹಿಂಡುತ್ತದೆ, ಪೆಟ್ರೋಲಿನದ್ದು 10-11 ಪಟ್ಟು. ಹೆಚ್ಚು ಹಿಂಡಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ. ಅದಕ್ಕಿಂತ ಹೆಚ್ಚು ಹಿಂಡಲು ಹೋದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿಯುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್ ಎಂಜಿನ್ ನಿಮಿಷಕ್ಕೆ 1,500ರಿಂದ 2,500 ಸುತ್ತಿನೊಳಗೇ ಪೂರ್ತಿ ಎಳೆತ ಕೊಡುತ್ತದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಗಾಡಿಗೆ ಭಾರ ಹೇರಿದರೆ ಅದನ್ನು ಕಿರುಚಿಸಿಯೇ ಏರು ಹತ್ತಿಸಬೇಕು. ಕಿರುಚುವಾಗ ಇನ್ನೊಂದು ತಮಾಷೆ ಉಂಟು. ಎಕ್ಸಲರೇಟರ್ ನೆಲ ಮುಟ್ಟಿಸಿ ಬಹಳ ಹೊತ್ತು ಹಿಡಿದರೆ ಎಷ್ಟೋ ಪೆಟ್ರೋಲ್ ಗಾಡಿಗಳ ಕಂಪ್ಯೂಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ. ಅದು ಗಾಡಿ ಎಳೆಯಲಿಕ್ಕಲ್ಲ, ಹೊಗೆಯ ಬಿಸಿ ಇಳಿಸಿ, ಅದನ್ನು ಶುದ್ಧ ಮಾಡುವ ಕನ್ವರ್ಟರ್ ಉಳಿಸಿಕೊಳ್ಳಲಿಕ್ಕೆ. ನೂರು ಚಿಲ್ಲರೆ ರೂಪಾಯಿಯ ಪೆಟ್ರೋಲಿನಿಂದ ಸೈಲೆನ್ಸರಿಗೆ ಸ್ನಾನ.

ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳಿ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರು. ಗಾಡಿ, ಜನರೇಟರ್ ಸೇರಿ 3 ಟನ್ ಎಂದಿಟ್ಟುಕೊಂಡರೆ ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದದ್ದು ಸುಮಾರು 23.5 ಮೆಗಾಜೂಲ್. ಡೀಸೆಲ್ ಎಂಜಿನ್ ಕುಡಿದದ್ದರಲ್ಲಿ ಶೇ. 35ನ್ನು ಕೆಲಸಕ್ಕೆ ಹಾಕುತ್ತದೆ ಎಂದು ಹಿಡಿದರೆ 1.9 ಲೀಟರ್ ಸಾಕು. ಪೆಟ್ರೋಲಿಗೆ ಶೇ. 27 ಹಿಡಿದರೆ 2.7 ಲೀಟರ್, ಎಥನಾಲ್ ಬೆರೆತದ್ದಾದರೆ 2.9. ಇದು ಬರೀ ಎತ್ತುವ ಲೆಕ್ಕ. ಟಯರಿನ ಉಜ್ಜಾಟ, ಗಾಳಿಯ ತಡೆ, ಕೆಟ್ಟು ನಿಂತ ಲಾರಿಯ ಹಿಂದೆ ಕ್ಲಚ್ ಅರೆಯುವುದು ಎಲ್ಲ ಬೇರೆ. ಖಾಲಿ ಗಾಡಿ ಸಮತಟ್ಟು ರಸ್ತೆಯಲ್ಲಿ ಓಡುವಾಗ ಇಬ್ಬರ ನಡುವಿನ ಅಂತರ ಇಷ್ಟು ದೊಡ್ಡದಾಗಿ ಕಾಣುವುದೇ ಇಲ್ಲ. ಎಳೆಯುವ ಕೆಲಸಕ್ಕೆ ಡೀಸೆಲ್ಲೇ ಸೈ, ನನ್ನ ಮಟ್ಟಿಗೆ ಈ ಚರ್ಚೆ ಮುಗಿದದ್ದು. ಮುಗಿಯದೆ ಉಳಿದಿರುವುದು ಈ ಮೈಲೇಜನ್ನು ಅಳೆಯುವವರ ಕಾಟ.

ಬೆಳಿಗ್ಗೆ ಕೆಲಸಕ್ಕೆ ಹೊರಟ ಯಾರಾದರೂ ಸರಿ, ಬಂಕಿನ ಸಾಲಿನಲ್ಲಿ ಇವರ ಹಿಂದೆ ಒಮ್ಮೆ ಸಿಕ್ಕಿಬಿದ್ದಿರಲೇಬೇಕು. ಅಲ್ಲಾಡಿಸುವ ಅಣ್ಣ. ಪಿಕಪ್ ಬಂದು ನಿಲ್ಲುತ್ತದೆ, ಹಿಂದೆ ಜನರೇಟರ್. ಎರಡೂ ಸೇರಿ ಬಂಕಿನ ಅರ್ಧ ಜಾಗ ಅವರದ್ದೇ. ಅಣ್ಣ ಇಳಿದು ನೆಲ ಸಮ ಉಂಟೋ ಎಂದು ಬಗ್ಗಿ ನೋಡುತ್ತಾರೆ. ಗಾಡಿಯನ್ನು ಅರ್ಧ ಅಡಿ ಮುಂದೆ ತರುತ್ತಾರೆ, ಪುನಃ ಕಾಲಡಿ ಹಿಂದೆ. “ತಮ್ಮಾ, ಫುಲ್ ಮಾಡು, ಮೆಲ್ಲ ಬಿಡು ಆಯ್ತಾ?” ನಳಿಗೆ ಟಕ್ ಎಂದು ನಿಲ್ಲುತ್ತದೆ. ಆಯಿತಲ್ಲ ಎಂದು ಹಿಂದಿನವರು ಗಾಡಿ ಸ್ಟಾರ್ಟ್ ಮಾಡುತ್ತಾರೆ. ಪಾಪ, ಅವರಿಗೇನು ಗೊತ್ತು! ನಿಜವಾದ ಕಾರ್ಯಕ್ರಮ ಶುರುವಾಗುವುದೇ ಈಗ.

ಅಣ್ಣ ಪಿಕಪ್ಪಿನ ಅಂಚು ಹಿಡಿದು ಅಲ್ಲಾಡಿಸಲು ತೊಡಗುತ್ತಾರೆ. ಆಚೆ ಬದಿಯಲ್ಲಿ ಕ್ಲೀನರ್ ಹುಡುಗ, ಈಚೆ ಬದಿಯಲ್ಲಿ ಅಣ್ಣ. ಗಾಡಿ ಓಲಾಡುತ್ತದೆ, ಹಿಂದಿನ ಹುಕ್ಕು ಠಣ್ ಠಣ್ ಎನ್ನುತ್ತದೆ, ಜನರೇಟರ್ ತಲೆ ಆಡಿಸುತ್ತದೆ. ಟ್ಯಾಂಕಿನ ಬಾಯಿಗೆ ಕಿವಿಯಿಟ್ಟು ಕೇಳುತ್ತಾರೆ. “ಗುಳುಗುಳು ಅಂತ ಉಂಟು. ಇನ್ನೂ ಹೋಗ್ತದೆ.” 300 ಮಿಲಿ ಹೋಗುತ್ತದೆ. ಪುನಃ ಟಕ್. ಪುನಃ ಓಲಾಟ. ಬಂಕಿನ ಹುಡುಗನ ಕಣ್ಣಿನಲ್ಲಿ ಜೀವವೇ ಇಲ್ಲ. ಹಿಂದಿನ ಆಟೋದವರು ಹಾರ್ನ್ ಒತ್ತಿದರೆ ಅಣ್ಣ ತಿರುಗಿ, “ಎಂತ ಅರ್ಜೆಂಟ್ ಮಾರಾಯ್ರೆ, ಮೈಲೇಜ್ ನೋಡುವುದಲ್ವಾ” ಎನ್ನುತ್ತಾರೆ. ಮೈಲೇಜ್ ನೋಡುವವನಿಗೆ ಹಾರ್ನ್ ಒತ್ತುವುದು ಪೂಜೆಯ ನಡುವೆ ಸೀನಿದ ಹಾಗೆ. ಆಟೋದವರೇ ತಪ್ಪಿತಸ್ಥರಾಗಿ ಸುಮ್ಮನಾಗುತ್ತಾರೆ.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತೇ? ಅಣ್ಣ ಮಾಡುವುದರಲ್ಲಿ ಅರ್ಧ ಸರಿ. ಡೀಸೆಲ್ ನೊರೆ ಕಟ್ಟುತ್ತದೆ, ನೊರೆ ನಳಿಗೆಯ ತುದಿಗೆ ತಾಗಿದರೆ ಟ್ಯಾಂಕ್ ತುಂಬುವ ಮೊದಲೇ ಪಂಪ್ ನಿಲ್ಲುತ್ತದೆ. ಅದಕ್ಕೆ ಮೆಲ್ಲ ಬಿಡಿಸಿ, ಒಂದು ನಿಮಿಷ ಕಾದು, ಎರಡನೇ ಸಲ ತಾನಾಗಿ ನಿಂತಾಗ ಬಿಟ್ಟರೆ ಸಾಕು. ಮುಂದಿನ ಸಲವೂ ಅದೇ ಬಂಕ್, ಅದೇ ಪಂಪ್, ಅದೇ ದಿಕ್ಕಿಗೆ ಮುಖ. ನಡುವೆ ಕಮ್ಮಿಯೆಂದರೂ 30 ಲೀಟರ್ ಖರ್ಚಾಗಿರಬೇಕು. ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ 5 ಲೀಟರಿನ ಲೆಕ್ಕದಲ್ಲಿ ಶೇ. 10 ತಪ್ಪು, 30 ಲೀಟರಿನಲ್ಲಿ ಶೇ. 2ಕ್ಕಿಂತ ಕಮ್ಮಿ. ಅಲ್ಲಾಡಿಸುವ ಅಗತ್ಯವೇ ಇಲ್ಲ. ಪೆಟ್ರೋಲ್ ಗಾಡಿಯಲ್ಲಂತೂ ಹೀಗೆ ಕುತ್ತಿಗೆವರೆಗೆ ತುಂಬಿಸಿದರೆ ಆವಿ ಹೀರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ, ಮೈಲೇಜ್ ನೋಡಲು ಹೋದವನಿಗೆ ಗ್ಯಾರೇಜ್ ಬಿಲ್ ಸಿಗುತ್ತದೆ.

ಇಷ್ಟು ವೈಜ್ಞಾನಿಕವಾಗಿ ತುಂಬಿಸಿದ ಅಣ್ಣ ಕಿಲೋಮೀಟರ್ ಅಂಕಿಯನ್ನು ಯಾರದ್ದೋ ಗೃಹಪ್ರವೇಶದ ಆಮಂತ್ರಣದ ಹಿಂದೆ ಬರೆದಿಟ್ಟು ಹೊರಡುತ್ತಾರೆ. ಮರುದಿನ ಕಾರ್ಕಳದಲ್ಲಿ 500 ರೂಪಾಯಿಗೆ ಹಾಕಿಸುತ್ತಾರೆ. ಅದು ಲೆಕ್ಕಕ್ಕಿಲ್ಲ, “ಅದು ಸುಮ್ಮನೆ ಹಾಕಿದ್ದಲ್ವಾ.” ರಾತ್ರಿಯಿಡೀ ಜನರೇಟರಿಗೆ ಡೀಸೆಲ್ ಬೇಕಾದಾಗ ಗಾಡಿಯ ಟ್ಯಾಂಕಿನಿಂದಲೇ ಪೈಪಿನಲ್ಲಿ ಎಳೆದು ಕೊಡುತ್ತಾರೆ. ಅದೂ ಲೆಕ್ಕಕ್ಕಿಲ್ಲ. ಎರಡು ವಾರ ಬಿಟ್ಟು ಬೇರೆ ಬಂಕಿನಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿ, ಪುನಃ ಅಲ್ಲಾಡಿಸಿ ಭಾಗಾಕಾರ ಮಾಡುತ್ತಾರೆ. ಉತ್ತರ ದಶಮಾಂಶದ ಎರಡು ಸ್ಥಾನದವರೆಗೆ ಬರುತ್ತದೆ. ಆ ಅಂಕಿಯೇ ಮುಂದೆ ಮದುವೆ ಹಾಲಿಗೆ ಬರುವುದು.

ಇನ್ನೊಂದು ಜಾತಿಯವರಿಗೆ ಇಳಿಜಾರು ಕಂಡರೆ ನ್ಯೂಟ್ರಲ್ ಮಾಡುವ ಚಟ. ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಎಕ್ಸಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ಬಂದ್, ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಒಂದಿಷ್ಟು ಕುಡಿಯುತ್ತಲೇ ಇರುತ್ತದೆ. ಉಳಿತಾಯ ಇಲ್ಲ, ಬದಲಿಗೆ ಒಂದೂವರೆ ಟನ್ನಿನ ಜನರೇಟರ್ ಹಿಂದಿನಿಂದ ದೂಡುವಾಗ ಬರೀ ಬ್ರೇಕ್ ನಂಬಿ ಆಗುಂಬೆಯ 14 ತಿರುವು ಇಳಿಯಬೇಕು. ಅರ್ಧ ದಾರಿಯಲ್ಲಿ ಲೈನರ್ ಸುಟ್ಟ ವಾಸನೆ ಬರುತ್ತದೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂದು ಹಳೇ ಡ್ರೈವರುಗಳು ಹೇಳುತ್ತಿದ್ದದ್ದು ಮೈಲೇಜಿಗೂ ಸರಿ, ಜೀವಕ್ಕೂ ಸರಿ.

ಸಿಎನ್‌ಜಿಯವರ ಗತ್ತು ಬೇರೆಯೇ. 2021ರಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸ್ ಪೈಪ್‌ಲೈನ್ ಬಂತು, ಅಲ್ಲಿಂದ ಈ ಪಕ್ಷವೂ ಬಲಿತಿದೆ. “ನಂದು 20 ಕೊಡ್ತದೆ” ಎನ್ನುತ್ತಾರೆ. 20 ಸರಿಯೇ, ಆದರೆ ಕಿಲೋಗೆ. ಒಂದು ಕಿಲೋ ಸಿಎನ್‌ಜಿಯಲ್ಲಿ ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಕಿಲೋವನ್ನು ಲೀಟರಿನ ಪಕ್ಕ ನಿಲ್ಲಿಸಿ ಗೆದ್ದೆ ಎನ್ನುವುದು ಯಾವ ನ್ಯಾಯ? ಮೇಲಾಗಿ ಗ್ಯಾಸ್ ಒಳಗೆ ಹೋಗುವಾಗ ಗಾಳಿಯ ಜಾಗ ತಿನ್ನುವುದರಿಂದ ಎಳೆತ ಒಂದು ಹಿಡಿ ಕಮ್ಮಿ. ಏರು ಬಂದ ಕೂಡಲೇ ಸ್ವಿಚ್ ಒತ್ತಿ ಪೆಟ್ರೋಲಿಗೆ ಹೋಗುತ್ತಾರೆ. ಏರು ಹತ್ತಿಸಿದ್ದು ಪೆಟ್ರೋಲ್, ಹೆಸರು ಸಿಎನ್‌ಜಿಗೆ.

ಅಮೆರಿಕದಲ್ಲಿ ದೊಡ್ಡ ಪಿಕಪ್ಪಿನ ಹಿಂದೆ ಮಲಗುವ ಕೋಣೆ, ಅಡುಗೆಮನೆ ಸಮೇತ ಟ್ರೈಲರ್ ಎಳೆಯುವವರದ್ದೂ ಇದೇ ಜಗಳ. ಅಲ್ಲಿ ಅಂಥ ಭಾರಕ್ಕೆ ಪೆಟ್ರೋಲ್ ವಿ8 ಗ್ಯಾಲನ್ನಿಗೆ 8-10 ಮೈಲು, ಡೀಸೆಲ್ 11-13. ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕರ ಆಚೀಚೆ, ಐದರ ಆಚೀಚೆ. ಇಲ್ಲಿ ಯಾರಾದರೂ ನಾಲ್ಕು ಕೊಡ್ತದೆ ಎಂದರೆ ಮನೆಯವರು ಜಾತಕ ತೆಗೆದು ಜೋಯಿಸರ ಹತ್ತಿರ ಓಡುತ್ತಾರೆ. ಅಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ದುಬಾರಿ, ದೊಡ್ಡ ಪಿಕಪ್ಪಿಗೆ ಡೀಸೆಲ್ ಎಂಜಿನ್ ಬೇಕೆಂದರೆ 10,000 ಡಾಲರಿನ ಆಸುಪಾಸು ಹೆಚ್ಚು. ಹಾಗಾಗಿ ವರ್ಷದಲ್ಲಿ ನಾಲ್ಕು ವಾರಾಂತ್ಯ ಎಳೆಯುವವನಿಗೆ ಆ ದುಡ್ಡು ಹುಟ್ಟುವುದೇ ಇಲ್ಲ.

ಇಲ್ಲೂ ಅಷ್ಟೆ. ಲೀಟರ್ ಡೀಸೆಲ್ ಅಗ್ಗ ಎಂದು ಡೀಸೆಲ್ ಗಾಡಿ ತೆಗೆದುಕೊಂಡು ಮಂಗಳೂರು ಪೇಟೆಯೊಳಗೇ ಕದ್ರಿಯಿಂದ ಹಂಪನಕಟ್ಟೆಗೆ ನಾಲ್ಕು ಚೀಲ ಅಕ್ಕಿ ಸಾಗಿಸುವವರು ಇದ್ದಾರೆ. 2020ರ ಬಿಎಸ್ 6 ಹೊಗೆ ನಿಯಮದ ನಂತರದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಉಂಟು. ಅದು ಆಗಾಗ ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳಬೇಕು, ಅದಕ್ಕೆ ಹೈವೇಯಲ್ಲಿ ಕಾಲು ಗಂಟೆಯಾದರೂ ಒಂದೇ ಸಮನೆ ಓಡಿಸಬೇಕು. ನಂತೂರು ಸರ್ಕಲಿನಲ್ಲಿ ನಿಂತು ನಿಂತು ಹೋಗುವವನಿಗೆ ಆ ಭಾಗ್ಯ ಎಲ್ಲಿಂದ? ದೀಪ ಹೊತ್ತಿಕೊಳ್ಳುತ್ತದೆ, ಮೈಲೇಜ್ ಬೀಳುತ್ತದೆ, ಕೊನೆಗೆ ಗಾಡಿ ತೆವಳುತ್ತದೆ. ಅಂಥವರಿಗೆ ಪೆಟ್ರೋಲ್ ಸಾಕಿತ್ತು.

ಬಯಲಾಟದ ಜನರೇಟರಿನ ವಿಷಯ ಮಾತ್ರ ನನಗೆ ಬರೀ ಮೈಲೇಜಿನ ಲೆಕ್ಕವಾಗಿ ಕಾಣುವುದಿಲ್ಲ. ಕತ್ತಲಲ್ಲಿ ಗದ್ದೆಯ ಹುಣಿ ಹಿಡಿದು ಆಟಕ್ಕೆ ನಡೆಯುವಾಗ ಚೆಂಡೆಗಿಂತ ಮೊದಲು ಕೇಳುತ್ತಿದ್ದದ್ದು ಜನರೇಟರಿನ ಗುಡುಗುಡು. ಅದು ಕೇಳಿದರೆ ಹೆಜ್ಜೆ ತಾನಾಗಿ ಬೇಗವಾಗುತ್ತಿತ್ತು. ಚರುಮುರಿಯವನ ನೀರುಳ್ಳಿ, ಡೀಸೆಲ್ ಹೊಗೆ ಎರಡೂ ಬೆರೆತ ವಾಸನೆಗೆ ಪೌರಾಣಿಕ ಪ್ರಸಂಗದ ಪರಿಮಳವೇ ಇತ್ತು. ಈಗ ಎಲ್‌ಇಡಿ ದೀಪ, ಅರ್ಧದಷ್ಟು ಜನರೇಟರ್ ಸಾಕು. ಎಳೆಯುವ ಗಾಡಿಯ ಮೈಲೇಜ್ ಏರಿದೆ, ಒಳ್ಳೆಯದೇ.

ಭಾರ ಹೇರಿಯೂ ಡೀಸೆಲ್ ಸುಡದೆ ಹೋಗಬೇಕೆಂದರೆ ನಮ್ಮ ಸುರತ್ಕಲ್ಲಿನಲ್ಲಿ ಅದಕ್ಕೂ ವ್ಯವಸ್ಥೆ ಉಂಟು. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ ರೋರೋ ಸೇವೆಯಲ್ಲಿ ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡಿನವರೆಗೆ ಕೊಂಡುಹೋಗುತ್ತಾರೆ. ಲಾರಿಯ ಎಂಜಿನ್ ಬಂದ್, ಡ್ರೈವರ್ ಕ್ಯಾಬಿನಿನಲ್ಲಿ ಕಾಲು ಚಾಚಿ ಮಲಗಬಹುದು. ಕಿಲೋಮೀಟರ್ ಮೀಟರ್ ತಿರುಗುವುದಿಲ್ಲ, ಡೀಸೆಲ್ ಮುಳ್ಳೂ ಇಳಿಯುವುದಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು ಎಂಬುದನ್ನು ಅಲ್ಲಾಡಿಸುವ ಅಣ್ಣನೇ ಆಮಂತ್ರಣದ ಹಿಂದೆ ಬರೆದು ಹೇಳಲಿ. ಅಷ್ಟರಲ್ಲಿ ನಾವು ಪೆಟ್ರೋಲ್ ಹಾಕಿಸಿಕೊಂಡು ಹೋಗುತ್ತೇವೆ.